ಅದಿರು ಹುಡುಕುವವರಿಗೂ ಅಗೆಯುವವರಿಗೂ ನಡುವೆ ಯಾರಿದ್ದಾರೆ?

2020ರ ಫೆಬ್ರುವರಿಯಲ್ಲಿ ಮಂಡ್ಯದ ಹೆಸರು ಇದ್ದಕ್ಕಿದ್ದಂತೆ ದೇಶದ ವಾಣಿಜ್ಯ ಪುಟಗಳಿಗೆ ಏರಿತು. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಭಾಗದಲ್ಲಿ, ಅರ್ಧ ಕಿಲೋಮೀಟರ್ ಅಗಲ, ಐದು ಕಿಲೋಮೀಟರ್ ಉದ್ದದ ಪಟ್ಟಿಯೊಂದರಲ್ಲಿ 14,100 ಟನ್ ಲಿಥಿಯಂ ಇರಬಹುದೆಂಬ ಅಂದಾಜು ಹೊರಬಿದ್ದಿತ್ತು. ಒಂದು ವರ್ಷ ಕಳೆದ ಮೇಲೆ, 2021ರ ಫೆಬ್ರುವರಿಯಲ್ಲಿ, ಕೇಂದ್ರ ಸರ್ಕಾರ ಕೊಟ್ಟ ಲೆಕ್ಕ 1,600 ಟನ್. ಅದೂ ‘ಊಹಿತ’ ದರ್ಜೆಯದು, ಅಂದರೆ ಖಚಿತತೆ ಕಡಿಮೆ ಇರುವ ಅಂದಾಜು.

ಉಳಿದ ಹನ್ನೆರಡು ಸಾವಿರ ಚಿಲ್ಲರೆ ಟನ್ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಮೊದಲನೆಯದು ಕಲ್ಲಿನ ಪಟ್ಟಿಯ ವಿಸ್ತಾರ ನೋಡಿ ಹಾಕಿದ ಲೆಕ್ಕ. ಎರಡನೆಯದು ಪರಮಾಣು ಖನಿಜ ನಿರ್ದೇಶನಾಲಯ ಮೇಲ್ಮೈಯಲ್ಲಿ ಹುಡುಕಿ, ನೆಲದೊಳಗೂ ಅಷ್ಟಿಷ್ಟು ಇಣುಕಿ ಹೇಳಿದ ಮಾತು. ಎರಡೂ ಗಣಿಯಲ್ಲ. ಗಣಿ ಆಗಬೇಕಾದರೆ ಹತ್ತಿರ ಹತ್ತಿರ ಬೋರ್‌ಹೋಲ್ ಕೊರೆಯಬೇಕು, ಮೇಲೆ ಬಂದ ಕಲ್ಲಿನ ಕಂಬಿಯನ್ನು, ಅಂದರೆ ಕೋರ್ ಅನ್ನು, ಪೆಟ್ಟಿಗೆಗಳಲ್ಲಿ ಜೋಡಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು, ಆ ಕಲ್ಲಿನಿಂದ ಲೋಹ ಬಿಡಿಸಲು ಎಷ್ಟು ಖರ್ಚಾಗುತ್ತದೆಂದು ನೋಡಬೇಕು. ಆಮೇಲೆ ಜಮೀನು, ಅರಣ್ಯ, ನೀರು, ಊರವರ ಒಪ್ಪಿಗೆ. ಈ ನಡುವಿನ ದಾರಿಯನ್ನು ಯಾರು ನಡೆಸುತ್ತಾರೆ, ಯಾರ ದುಡ್ಡಿನಲ್ಲಿ ನಡೆಸುತ್ತಾರೆ ಎಂದು ಕೇಳಿದರೆ ಕರ್ನಾಟಕದ ಗಣಿ ಉದ್ಯಮದ ಬೆನ್ನಿಗಿರುವ ಸಂಸ್ಥೆಗಳ ಬಲವೂ ಕಾಣುತ್ತದೆ, ದೊಡ್ಡದೊಂದು ಬಿರುಕೂ ಕಾಣುತ್ತದೆ.

ಸಂಸ್ಥೆಗಳಿಗೇನೂ ಬರವಿಲ್ಲ. 1851ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ನಕ್ಷೆ ಬರೆಯುತ್ತದೆ, ಮೊದಲ ಹಂತದ ಶೋಧ ಮಾಡುತ್ತದೆ. ಕೇಂದ್ರ ಸರ್ಕಾರದ ಖನಿಜ ಶೋಧ ಕಂಪನಿ, ನಾಗಪುರದ ಎಂಇಸಿಎಲ್, 1972ರಿಂದ ಡ್ರಿಲ್ಲಿಂಗ್ ಮಾಡಿಕೊಂಡು ಬಂದಿದೆ. ಅದೇ ಊರಿನ ಭಾರತೀಯ ಗಣಿ ಬ್ಯೂರೊ, ಐಬಿಎಂ, ಮೈನಿಂಗ್ ಪ್ಲಾನ್‌ಗೆ ಒಪ್ಪಿಗೆ ಕೊಡುತ್ತದೆ. ತಿಂಗಳು ತಿಂಗಳು ಅದಿರಿನ ಸರಾಸರಿ ಮಾರಾಟ ಬೆಲೆ ಪ್ರಕಟಿಸುತ್ತದೆ. ಕಾರ್ಮಿಕರ ಸುರಕ್ಷತೆ ಧನಬಾದ್ ಮೂಲದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. ಯುರೇನಿಯಂನಂಥವು, 2023ರ ತನಕ ಪರಮಾಣು ಖನಿಜಗಳ ಪಟ್ಟಿಯಲ್ಲಿದ್ದ ಲಿಥಿಯಂ ಕೂಡ, ಹೈದರಾಬಾದಿನ ಪರಮಾಣು ಖನಿಜ ನಿರ್ದೇಶನಾಲಯದ ಪಾಲು. ರಾಜ್ಯದ ಕಡೆಯಿಂದ ಬೆಂಗಳೂರಿನ ಖನಿಜ ಭವನದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಅದರ ಜೊತೆಗೆ ಹಟ್ಟಿ ಚಿನ್ನದ ಗಣಿ ಕಂಪನಿ, ಮೊದಲು ಮೈಸೂರು ಮಿನರಲ್ಸ್ ಎಂದಿದ್ದ ರಾಜ್ಯ ಖನಿಜ ನಿಗಮ. ಉದ್ಯಮದವರ ಪರ ಮಾತಾಡಲು ಫಿಮಿ, ಅಂದರೆ ಭಾರತೀಯ ಖನಿಜ ಉದ್ಯಮಗಳ ಒಕ್ಕೂಟ. ಗಣಿ ಎಂಜಿನಿಯರುಗಳಿಗೆ ತಮ್ಮದೇ ಸಂಘ. ಇಷ್ಟೂ ಇದ್ದು ಮರಳಗಾಲದ ಕಲ್ಲು ಇನ್ನೂ ಕಲ್ಲಾಗಿಯೇ ಇದೆ.

ಒಂದೇ ಸೂರಿನ ಕಾಲ

ಒಂದು ಕಾಲಕ್ಕೆ ಹೀಗಿರಲಿಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆ ಕಟ್ಟಿಕೊಂಡಿತು. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್, ಜಿಎಸ್‌ಐಯಿಂದ ನಿವೃತ್ತರಾಗಿ ಬಂದವರು. ಧಾರವಾಡದ ಹೆಸರನ್ನು ಭೂವಿಜ್ಞಾನದ ಪುಸ್ತಕಗಳಿಗೆ ಸೇರಿಸಿದವರೂ ಅವರೇ. ಸಂಡೂರು ಬೆಟ್ಟಗಳ ಅದಿರಿನ ಸಮೃದ್ಧಿಯನ್ನು ಅವರು ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿಟ್ಟಿದ್ದರು. ಇಲಾಖೆಯ ಕೆಲಸ ನಕ್ಷೆ ಬರೆಯುವಲ್ಲಿಗೆ ನಿಲ್ಲಲಿಲ್ಲ. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇಳಿಯಿತು. 1923ರಲ್ಲಿ ಅಲ್ಲಿ ಉತ್ಪಾದನೆ ಶುರುವಾಯಿತು. ಹುಡುಕಿದ್ದೂ ಸಂಸ್ಥಾನ, ಅಗೆದದ್ದೂ ಸಂಸ್ಥಾನ, ಕರಗಿಸಿದ್ದೂ ಸಂಸ್ಥಾನ. ನಷ್ಟವಾದರೂ ಅದರದೇ. ಹಾಗಾಗಿ ಶೋಧದ ಕಡತ ಕಪಾಟಿನಲ್ಲಿ ಕೊಳೆಯದಂತೆ ನೋಡಿಕೊಳ್ಳುವ ಹಿತಾಸಕ್ತಿ ಒಬ್ಬರಿಗಾದರೂ ಇತ್ತು.

ಆ ಕಾಲದಲ್ಲೂ ಎಲ್ಲವೂ ಬೇಗ ಆಗಿಬಿಡುತ್ತಿತ್ತು ಎಂದೇನಲ್ಲ. ಕುದುರೆಮುಖದ ಮ್ಯಾಗ್ನಟೈಟ್ ಅನ್ನು ಮೈಸೂರು ಇಲಾಖೆಯ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಅದನ್ನು ಅಗೆಯಲು ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿದ್ದು 1976ರಲ್ಲಿ. ಅದಿರನ್ನು ಇರಾನಿಗೆ ಕಳಿಸುವ ಲೆಕ್ಕಾಚಾರ ಅಲ್ಲಿಯ ಕ್ರಾಂತಿಯಿಂದ ತಲೆಕೆಳಗಾಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆಯೂ ನಿಂತಿತು. ಗುರುತಿಸಿದ ದಿನದಿಂದ ಅಗೆಯಲು ಕಂಪನಿ ಹುಟ್ಟುವ ತನಕ ಅರವತ್ತಕ್ಕೂ ಹೆಚ್ಚು ವರ್ಷ. ಕಂಪನಿ ಹುಟ್ಟಿದ ಮೇಲೆ ಗಣಿ ಉಳಿದದ್ದು ಮೂವತ್ತು ವರ್ಷದೊಳಗೆ.

ಬೆಂಗಳೂರಿನಲ್ಲಿ 1958ರಲ್ಲಿ ಹುಟ್ಟಿದ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯ. ಇಲಾಖೆಯ ನಿರ್ದೇಶಕರಾಗಿದ್ದ ಬಿ.ಪಿ. ರಾಧಾಕೃಷ್ಣ ದಶಕಗಳ ಕಾಲ ಅದರ ಪತ್ರಿಕೆಯನ್ನು ಹೊತ್ತು ನಡೆಸಿದರು. ಸರ್ಕಾರಿ ಭೂವಿಜ್ಞಾನಿಗಳು, ವಿಶ್ವವಿದ್ಯಾಲಯದ ಮೇಷ್ಟ್ರುಗಳು, ಕಂಪನಿಯವರು ಒಂದೇ ಪುಟದಲ್ಲಿ ಜಗಳವಾಡಲು ಅವಕಾಶ ಕೊಟ್ಟದ್ದು ಅದು. ಗುತ್ತಿಗೆ ಕೊಡುವ ಅಧಿಕಾರವಾಗಲೀ ಡ್ರಿಲ್ಲಿಂಗ್ ಮಾಡುವ ದುಡ್ಡಾಗಲೀ ಇಲ್ಲದ ಸಂಸ್ಥೆ ಅದು. ಆದರೂ ಈ ಪಟ್ಟಿಯ ಅನೇಕ ಕಚೇರಿಗಳಿಗಿಂತ ಹೆಚ್ಚು ಕೆಲಸಕ್ಕೆ ಬಂದಿದೆ ಎಂದು ನನ್ನ ಅಭಿಪ್ರಾಯ.

ಖಾಲಿ ಇರುವ ಹಂತ

ಈಗಿನ ವ್ಯವಸ್ಥೆಯಲ್ಲಿ ಶೋಧಕ್ಕೆ ನಾಲ್ಕು ಹಂತ: ಜಿ4, ಜಿ3, ಜಿ2, ಜಿ1. ಜಿ4 ಎಂದರೆ ಸ್ಥೂಲ ಸಮೀಕ್ಷೆ. ಮಣ್ಣು, ಕಲ್ಲು, ಹಳ್ಳದ ಮರಳಿನ ಮಾದರಿ, ವಿಮಾನದಿಂದ ಅಳೆದ ಕಾಂತೀಯ ಏರಿಳಿತ. ಜಿ1 ಎಂದರೆ ಕೊರೆದು, ಅಳೆದು, ಇಂತಿಷ್ಟು ಎಂದು ಬರೆದುಕೊಡಬಹುದಾದ ವಿವರವಾದ ಶೋಧ. ಮೊದಲ ಹಂತಗಳು ಅಗ್ಗ, ಕೊನೆಯವು ದುಬಾರಿ. ಅಪಾಯ ಇರುವುದು ನಡುವೆ: ಸುಳಿವು ಸಿಕ್ಕಿದೆ, ಆದರೆ ಹತ್ತು ಸುಳಿವಿನಲ್ಲಿ ಒಂಬತ್ತು ಸುಳ್ಳಾಗುತ್ತವೆಂದು ಗೊತ್ತಿದ್ದೂ ಕೋಟಿಗಟ್ಟಲೆ ಸುರಿಯಬೇಕು.

ಕೆನಡಾದಂಥ ದೇಶಗಳಲ್ಲಿ ಈ ನಡುವಿನ ಜೂಜನ್ನು ಆಡುವವರು ಸಣ್ಣ ಶೋಧಕ ಕಂಪನಿಗಳು. ಅವು ಗಣಿ ನಡೆಸುವುದಿಲ್ಲ. ಷೇರು ಮಾರಿ ದುಡ್ಡು ಎತ್ತುತ್ತವೆ, ಕೊರೆಯುತ್ತವೆ, ಏನಾದರೂ ಸಿಕ್ಕರೆ ದೊಡ್ಡ ಕಂಪನಿಗೆ ಮಾರಿ ಹೊರನಡೆಯುತ್ತವೆ. 1932ರಿಂದ ಇರುವ ಟೊರಾಂಟೊದ ಶೋಧಕರ ಸಂಘ, ಅಲ್ಲಿಯ ಷೇರುಪೇಟೆ, ಶೋಧದ ವೆಚ್ಚಕ್ಕೆ ತೆರಿಗೆ ವಿನಾಯಿತಿ ಎಲ್ಲ ಸೇರಿ ಅವರನ್ನು ಸಾಕುತ್ತವೆ. ಇದೇನೂ ಸ್ವರ್ಗವಲ್ಲ. ಇಂಡೊನೇಷ್ಯಾದ ಕಾಡಿನಲ್ಲಿ ಅಪಾರ ಚಿನ್ನವಿದೆ ಎಂದು ಮಾದರಿಗೇ ಚಿನ್ನದ ಪುಡಿ ಬೆರೆಸಿದ ಬ್ರೆ-ಎಕ್ಸ್ ಹಗರಣ 1997ರಲ್ಲಿ ಬಯಲಾದದ್ದು ಅಲ್ಲೇ. ಆಮೇಲೆಯೇ ಅರ್ಹ ಭೂವಿಜ್ಞಾನಿಯ ಸಹಿಯಿಲ್ಲದೆ ನಿಕ್ಷೇಪದ ಅಂಕಿ ಪ್ರಕಟಿಸಬಾರದೆಂಬ ಕಟ್ಟುನಿಟ್ಟಿನ ನಿಯಮ ಬಂತು. ಮಂಡ್ಯದ 14,100 ಮತ್ತು 1,600ರ ಗೊಂದಲ ನೋಡಿದರೆ, ಜೂಜಿನ ಉತ್ಸಾಹ ಬೇಡವೆಂದರೂ ಆ ನಿಯಮದ ಶಿಸ್ತು ನಮಗೂ ಬೇಕಿತ್ತು ಅನ್ನಿಸುತ್ತದೆ.

ನಮ್ಮಲ್ಲಿ ಆ ಜಾಗಕ್ಕೆ ಕೆಲವರು ಬಂದಿದ್ದರು. ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಚಿನ್ನದ ಶೋಧ ನಡೆಸಿದ ಡೆಕ್ಕನ್ ಗೋಲ್ಡ್ ಮೈನ್ಸ್ ಅಂಥದ್ದೊಂದು ಕಂಪನಿ. ಅದು ಶೋಧ ಮುಗಿಸಿ ಗುತ್ತಿಗೆಗೆ ಕಾಯುತ್ತಿರುವಾಗಲೇ ಕಾನೂನು ಬದಲಾಗುತ್ತ ಹೋಯಿತು. 2015ರ ತಿದ್ದುಪಡಿ ಗಣಿ ಗುತ್ತಿಗೆಗೆ ಹರಾಜನ್ನು ಕಡ್ಡಾಯ ಮಾಡಿತು. ಆದರೆ ಅಷ್ಟರೊಳಗೆ ಶೋಧಕ್ಕೆ ಇಳಿದಿದ್ದವರಿಗೆ ಒಂದು ಬಾಗಿಲು ಉಳಿಸಿತ್ತು. 2021ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿ, ಶೋಧದ ಖರ್ಚನ್ನು ಮರಳಿಸುತ್ತೇವೆ ಎಂದಿತು. ಹರಾಜಿನ ಪರವಾದ ವಾದ ಗಟ್ಟಿಯಾಗಿಯೇ ಇದೆ. ಬಳ್ಳಾರಿಯಲ್ಲಿ ಬೇಕಾದವರಿಗೆ ಬೆಟ್ಟ ಹಂಚಿದ್ದನ್ನು ಕಂಡವರು ‘ಮೊದಲು ಬಂದವರಿಗೆ ಆದ್ಯತೆ’ಯನ್ನು ಮತ್ತೆ ಬಯಸಲಾರರು. ಆದರೆ ಅದಿರು ಬೆಟ್ಟದ ಮೇಲೆಯೇ ಕಾಣುವ ಸಂಡೂರಿಗೆ ಒಪ್ಪುವ ಕಾನೂನು, ನೆಲ ಕೊರೆದು ಎಳೆಯಷ್ಟು ಚಿನ್ನ ಹುಡುಕಬೇಕಾದ ಗಣಜೂರಿಗೆ ಒಪ್ಪುವುದಿಲ್ಲ. ಸಿಕ್ಕಿದ್ದು ತನ್ನದಾಗುವ ಖಾತರಿಯಿಲ್ಲದೆ ಯಾರು ಹುಡುಕುತ್ತಾರೆ? ಖರ್ಚು ಮರಳಿ ಬಂದರೆ ಅದು ಅಸಲು ಅಷ್ಟೇ. ಸುಳ್ಳಾದ ಒಂಬತ್ತು ಸುಳಿವುಗಳ ನಷ್ಟ ಅದರಲ್ಲಿ ತುಂಬುವುದಿಲ್ಲ.

ಸರ್ಕಾರಕ್ಕೂ ಇದು ತಿಳಿಯಿತು. 2023ರ ತಿದ್ದುಪಡಿಯಲ್ಲಿ ಚಿನ್ನ, ತಾಮ್ರ, ನಿಕಲ್, ಕೋಬಾಲ್ಟ್, ಲಿಥಿಯಂ, ವಜ್ರ ಮುಂತಾದ 29 ಖನಿಜಗಳಿಗೆ ‘ಶೋಧ ಪರವಾನಗಿ’ ಎಂಬ ಹೊಸ ದಾರಿ ತೆರೆಯಿತು. ಪರವಾನಗಿ ಪಡೆದವನು ಹುಡುಕುತ್ತಾನೆ. ಸಿಕ್ಕ ನಿಕ್ಷೇಪವನ್ನು ಸರ್ಕಾರ ಹರಾಜು ಹಾಕುತ್ತದೆ. ಗೆದ್ದ ಗಣಿ ಕಂಪನಿ ಅದಿರಿನ ಬೆಲೆಯಲ್ಲಿ ಇಂತಿಷ್ಟು ಎಂದು ಹರಾಜಿನಲ್ಲಿ ಒಪ್ಪಿ ಸರ್ಕಾರಕ್ಕೆ ಕೊಡುವ ಪ್ರೀಮಿಯಂನಲ್ಲಿ ಹುಡುಕಿದವನಿಗೆ ಪಾಲು. ಎಷ್ಟು ಪಾಲು ಎನ್ನುವುದನ್ನು ತಿರುವು ಹರಾಜಿನಲ್ಲಿ ತೀರ್ಮಾನಿಸುತ್ತಾರೆ, ಕಡಿಮೆ ಕೇಳಿದವನಿಗೆ ಪರವಾನಗಿ. ಅದೇ ತಿದ್ದುಪಡಿ ಲಿಥಿಯಂ ಸೇರಿ ಆರು ಖನಿಜಗಳನ್ನು ಪರಮಾಣು ಖನಿಜಗಳ ಪಟ್ಟಿಯಿಂದ ಹೊರತೆಗೆಯಿತು. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಯ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್ ಘೋಷಣೆಯಾಯಿತು.

ಕಾಗದದ ಮೇಲೆ ಕೊಂಡಿ ಬೆಸೆದಂತೆ ಕಾಣುತ್ತದೆ. ಆದರೆ ಹುಡುಕಿದವನಿಗೆ ದುಡ್ಡು ಬರುವುದು ಯಾವಾಗ? ಶೋಧ ಮುಗಿದು, ಹರಾಜಾಗಿ, ಅರಣ್ಯ–ಪರಿಸರ ಅನುಮತಿ ಸಿಕ್ಕು, ಜಮೀನು ಕೈಗೆ ಬಂದು, ಅದಿರು ಹೊರಬಿದ್ದ ಮೇಲೆ. ಗಣಿ ಶುರುವಾಗದಿದ್ದರೆ ಪಾಲೂ ಇಲ್ಲ. ತಾನು ಹಿಡಿತ ಹೊಂದಿರದ ಹತ್ತು ಕಚೇರಿಗಳ ವೇಗದ ಮೇಲೆ ಸಣ್ಣ ಕಂಪನಿಯೊಂದು ಹದಿನೈದು ವರ್ಷ ಕಾಯಬೇಕು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಅದಿರಿದೆ ಎಂದು 2023ರ ಫೆಬ್ರುವರಿಯಲ್ಲಿ ದೇಶವೇ ಸಂಭ್ರಮಿಸಿತು. ಸಾಕಷ್ಟು ಬಿಡ್‌ದಾರರು ಬಾರದೆ 2024ರಲ್ಲಿ ಅದರ ಹರಾಜು ರದ್ದಾಯಿತು. ಅಂದಾಜು ದೊಡ್ಡದಿತ್ತು, ಹಣ ಹೂಡಲು ಸಾಲುವಷ್ಟು ಕೊರೆದಿರಲಿಲ್ಲ.

ಯಾದಗಿರಿ ಜಿಲ್ಲೆಯ ಗೋಗಿಯದು ಬೇರೆ ಬಗೆಯ ಖಾಲಿತನ. ಅಲ್ಲಿ ಹುಡುಕುವ ಸಂಸ್ಥೆಯೂ ಕೇಂದ್ರದ್ದು, ಅಗೆಯುವ ಕಂಪನಿಯೂ ಕೇಂದ್ರದ್ದು, ದುಡ್ಡಿಗೂ ತೊಂದರೆಯಿಲ್ಲ. ಭೀಮಾ ಕೊಳ್ಳದ ಯುರೇನಿಯಂ ಪತ್ತೆಯಾಗಿ ದಶಕಗಳಾದರೂ ಗಣಿ ಎದ್ದಿಲ್ಲ. ನೀರು ಕೆಡುತ್ತದೆಂಬ ಊರವರ ಭಯಕ್ಕೆ ಅವರು ನಂಬುವಂಥ ಉತ್ತರ ಕೊಡಬಲ್ಲ ಸಂಸ್ಥೆಯೊಂದು ಈ ಇಡೀ ವ್ಯವಸ್ಥೆಯಲ್ಲಿಲ್ಲ. ಬೆಂಬಲ ಎಂದರೆ ಉದ್ಯಮಕ್ಕೆ ಮಾತ್ರ ಎಂದುಕೊಂಡವರು ಕಟ್ಟಿದ ವ್ಯವಸ್ಥೆ ಇದು.

ಒಂದು ಟನ್‌ನ ಲೆಕ್ಕ

ಈ ಸಂಸ್ಥೆಗಳಿಗೆ ದುಡ್ಡು ಎಲ್ಲಿಂದ? ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಒಂದು ಟನ್ ಕಬ್ಬಿಣದ ಅದಿರಿನ ಸರಾಸರಿ ಬೆಲೆ 3,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅದಿರು ತೆಗೆದದ್ದಕ್ಕೆ ಸರ್ಕಾರಕ್ಕೆ ಕೊಡುವ ರಾಜಧನ (ರಾಯಲ್ಟಿ) ಶೇ 15, ಅಂದರೆ 450 ರೂಪಾಯಿ. ಶೋಧಕ್ಕೆ ಹಣ ಒದಗಿಸಲೆಂದು 2015ರಲ್ಲಿ ಕಟ್ಟಿದ ರಾಷ್ಟ್ರೀಯ ಖನಿಜ ಶೋಧ ಟ್ರಸ್ಟ್‌ಗೆ ಆ ರಾಜಧನದ ಶೇ 2ರಷ್ಟು, ಅಂದರೆ 9 ರೂಪಾಯಿ. 2025ರ ತಿದ್ದುಪಡಿಯಲ್ಲಿ ಅದನ್ನು ಶೇ 3ಕ್ಕೆ ಏರಿಸಿ, ಟ್ರಸ್ಟ್‌ನ ಹೆಸರಿಗೆ ‘ಅಭಿವೃದ್ಧಿ’ಯನ್ನೂ ಸೇರಿಸಿದರು. ಆಗ ಹದಿಮೂರೂವರೆ ರೂಪಾಯಿ. ದೇಶದ ಮುಂದಿನ ಚಿನ್ನ, ತಾಮ್ರ, ಲಿಥಿಯಂ ಹುಡುಕುವ ಖರ್ಚಿನ ದೊಡ್ಡ ಮೂಲ ಇದು. ಬಳ್ಳಾರಿಯ ಕೆಂಪು ದೂಳು ಹಟ್ಟಿಯ ಸುತ್ತಲಿನ, ಮಂಡ್ಯದ, ರಾಜಸ್ಥಾನದ ಶೋಧಕ್ಕೂ ಸೇರಿ ದುಡ್ಡು ಕೊಡುತ್ತಿದೆ.

ಗಣಿಬಾಧಿತ ಊರುಗಳಿಗೆಂದು ಇರುವುದು ಜಿಲ್ಲಾ ಖನಿಜ ಪ್ರತಿಷ್ಠಾನ. ಇಲ್ಲಿಯ ಲೆಕ್ಕವನ್ನು ಜನ ಗಮನಿಸಿದ್ದು ಕಡಿಮೆ. 2015ರ ಜನವರಿ 12ಕ್ಕೂ ಮೊದಲಿನ ಗುತ್ತಿಗೆಯಾದರೆ ರಾಜಧನದ ಶೇ 30, ಅಂದರೆ ನಮ್ಮ ಲೆಕ್ಕದಲ್ಲಿ ಟನ್‌ಗೆ 135 ರೂಪಾಯಿ. ಹರಾಜಿನಲ್ಲಿ ಪಡೆದ ಗುತ್ತಿಗೆಯಾದರೆ ಶೇ 10, ಕೇವಲ 45 ರೂಪಾಯಿ. ಹರಾಜಿನಲ್ಲಿ ಕಂಪನಿ ಭಾರೀ ಪ್ರೀಮಿಯಂ ಕೊಡುತ್ತದೆ ಎಂಬುದು ಈ ರಿಯಾಯಿತಿಯ ಹಿಂದಿನ ತರ್ಕ. ಕೊಡುತ್ತದೆ ನಿಜ. ಶೇ 80ರ ಬಿಡ್ ಆದರೆ ಟನ್‌ಗೆ 2,400 ರೂಪಾಯಿ. ಆದರೆ ಆ ಹಣ ಹೋಗುವುದು ರಾಜ್ಯದ ಬೊಕ್ಕಸಕ್ಕೆ, ಸಂಡೂರಿನ ಹಳ್ಳಿಗಲ್ಲ. ಹಳೆಯ ಗುತ್ತಿಗೆಗಳು ಮುಗಿದು ಹರಾಜಾದಂತೆಲ್ಲ ಅದೇ ಬೆಟ್ಟದ ಅದೇ ಒಂದು ಟನ್‌ನಿಂದ ರಾಜ್ಯಕ್ಕೆ ಬರುವುದು ಹಲವು ಪಟ್ಟು ಹೆಚ್ಚುತ್ತದೆ, ಊರಿಗೆ ಸಲ್ಲುವುದು ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಕುಳಿತು ಹರಾಜಿನ ಯಶಸ್ಸನ್ನು ಕೊಂಡಾಡುವಾಗ ಈ ಸಾಲು ಯಾರ ಭಾಷಣದಲ್ಲೂ ಬರುವುದಿಲ್ಲ. ಟನ್ ಹೆಚ್ಚಾದರೆ ಒಟ್ಟು ಮೊತ್ತ ತುಂಬಿಕೊಳ್ಳುತ್ತದೆ ಎಂದು ಹೇಳಬಹುದು. ಟನ್ ಹೆಚ್ಚಾದರೆ ದೂಳು, ಲಾರಿ, ಒಣಗುವ ಕೊಳವೆಬಾವಿಯೂ ಹೆಚ್ಚುತ್ತವಲ್ಲ.

ರಾಜ್ಯ ಎಷ್ಟು ಬಿಗಿಯಾಗಿ ಕೇಳಬಲ್ಲದು ಎಂಬುದಕ್ಕೆ ದೋಣಿಮಲೈ ಸಾಕ್ಷಿ. 1977ರಿಂದ ಅಲ್ಲಿ ಅಗೆಯುತ್ತಿದ್ದ ಕೇಂದ್ರದ ಎನ್‌ಎಂಡಿಸಿಗೆ 2018ರಲ್ಲಿ ಗುತ್ತಿಗೆ ನವೀಕರಿಸುವಾಗ ರಾಜ್ಯ ಶೇ 80ರ ಪ್ರೀಮಿಯಂ ಕೇಳಿತು. ಕಂಪನಿ ಒಪ್ಪದೆ ಗಣಿ ನಿಲ್ಲಿಸಿತು. ಮತ್ತೆ ಶುರುವಾದದ್ದು 2021ರ ಫೆಬ್ರುವರಿಯಲ್ಲಿ. ರಾಜಧನ ತೆರಿಗೆಯಲ್ಲ, ಖನಿಜ ಹಕ್ಕುಗಳ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಬೆನ್ನಿಗೇ, ಆ ವರ್ಷದ ಡಿಸೆಂಬರ್‌ನಲ್ಲಿ ಕರ್ನಾಟಕದ ವಿಧಾನಮಂಡಲ ಖನಿಜ ಹಕ್ಕುಗಳ ತೆರಿಗೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಭಾರತದ ಗಣಿ ಉದ್ಯಮದ ಮೇಲಿನ ತೆರಿಗೆ ಹೊರೆ ಜಗತ್ತಿನಲ್ಲೇ ಅತಿ ಹೆಚ್ಚಿನದರ ಸಾಲಿಗೆ ಸೇರುತ್ತದೆ ಎಂಬುದು ಫಿಮಿಯ ಖಾಯಂ ದೂರು. ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಶೋಧಕ್ಕೆ, ಊರಿಗೆ, ಕಾರ್ಮಿಕರ ಆರೋಗ್ಯಕ್ಕೆ ಎಷ್ಟು ಸಲ್ಲಬೇಕು ಎಂಬ ಪ್ರಶ್ನೆಗೆ ಒಕ್ಕೂಟದ ದನಿ ಅಷ್ಟು ಏರುವುದು ಕಾಣೆ.

ಉದ್ಯಮವನ್ನು ಉಳಿಸಿದ್ದು ಯಾರು

ಕರ್ನಾಟಕದ ಕಬ್ಬಿಣದ ಅದಿರಿನ ಉದ್ಯಮಕ್ಕೆ ಕಳೆದ ಹದಿನೈದು ವರ್ಷಗಳಲ್ಲಿ ಅತಿ ದೊಡ್ಡ ಬೆಂಬಲ ಕೊಟ್ಟ ಸಂಸ್ಥೆ ಯಾವುದು ಎಂದು ಕೇಳಿದರೆ ನನ್ನ ಉತ್ತರ, ಅದನ್ನು ಮುಚ್ಚಿಸಿದ ನ್ಯಾಯಾಲಯ.

2000ರ ದಶಕದ ಬಳ್ಳಾರಿಯ ಕಥೆ ಎಲ್ಲರಿಗೂ ಗೊತ್ತಿದೆ. ಪರ್ಮಿಟ್ ಇಲ್ಲದ ಲಾರಿಗಳು, ಬೇಲೆಕೇರಿ ಬಂದರಿನಲ್ಲಿ ಮುಟ್ಟುಗೋಲು ಹಾಕಿದ ಮೇಲೂ ಮಾಯವಾದ ಅದಿರು, ಅಳಿಸಿಹೋದ ಗಡಿಕಲ್ಲುಗಳು. ಗುತ್ತಿಗೆ ಕೊಡುವುದು, ರಾಜಧನ ವಸೂಲಿ ಮಾಡುವುದು, ಕಾವಲು ಕಾಯುವುದು ಮೂರೂ ಒಂದೇ ಇಲಾಖೆಯ ಕೆಲಸವಾಗಿತ್ತು. ಮೂರರಲ್ಲೂ ಅದು ಸೋತಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ 2011ರ ಜುಲೈ ವರದಿ 2006ರಿಂದ 2010ರ ನಡುವೆ ರಾಜ್ಯಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನಲ್ಲೂ.

ಆಮೇಲೆ ನಡೆದದ್ದು ಒಂದು ರೀತಿಯಲ್ಲಿ ಸಂಸ್ಥೆಗಳ ಮರುನಿರ್ಮಾಣ. ಸುಪ್ರೀಂ ಕೋರ್ಟಿನ, ಸಿಇಸಿ ಎಂದೇ ಹೆಸರಾದ, ಕೇಂದ್ರ ಉನ್ನತಾಧಿಕಾರ ಸಮಿತಿ ಗಡಿಗಳ ಸರ್ವೆ ಮಾಡಿಸಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಅತಿ ಕೆಟ್ಟದಾಗಿ ಕಾನೂನು ಮುರಿದ ಸಿ ವರ್ಗದ 51 ಗುತ್ತಿಗೆಗಳು ರದ್ದಾದವು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತು ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬರೆಯಿತು: ಗಣಿ ತ್ಯಾಜ್ಯದ ರಾಶಿ ಎಲ್ಲಿರಬೇಕು, ತಡೆಗೋಡೆ ಎಷ್ಟೆತ್ತರ, ಹಳ್ಳಕ್ಕೆ ಮಣ್ಣು ಇಳಿಯದಂತೆ ಏನು ಮಾಡಬೇಕು. ಉಸ್ತುವಾರಿ ಸಮಿತಿ ಅದಿರನ್ನು ಇ-ಹರಾಜಿನಲ್ಲಿ ಮಾರಿಸಿತು. ವಾರ್ಷಿಕ ಉತ್ಪಾದನೆಗೆ ಮಿತಿ ಬಿತ್ತು: ಮೊದಲು 3 ಕೋಟಿ ಟನ್, ನಂತರ ಮೂರೂವರೆ ಕೋಟಿ, 2022ರ ಆಗಸ್ಟ್‌ನಲ್ಲಿ 5 ಕೋಟಿ. ಉದ್ಯಮ ಇದನ್ನೆಲ್ಲ ಹೊರೆ ಎಂದೇ ಕರೆಯಿತು. ಆದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಇಂದು ಕಾನೂನುಬದ್ಧ ಅದಿರು ನಿರಂತರವಾಗಿ ಸಿಗುತ್ತಿದ್ದರೆ, ಯಾವ ಮಂತ್ರಿ ಬದಲಾದರೂ ಗುತ್ತಿಗೆ ಅಲುಗಾಡುವುದಿಲ್ಲವೆಂಬ ಭರವಸೆ ಬ್ಯಾಂಕುಗಳಿಗಿದ್ದರೆ, ಅದಕ್ಕೆ ಕಾರಣ ಈ ಕಟ್ಟುಪಾಡು. 2011ಕ್ಕೂ ಮೊದಲು ಉದ್ಯಮದ ‘ಮಿತ್ರ’ರಾಗಿದ್ದ ಯಾವ ಸಂಸ್ಥೆಯೂ ಕೊಡಲಾಗದ್ದು ಅದು.

ಇದೇ ಸರಣಿಯ ಕೂಸು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ. 2014ರಲ್ಲಿ ಹುಟ್ಟಿದ್ದು. ಅದಿರು ಮಾರಾಟದ ಹಣದಲ್ಲಿ ಪಾಲು ಸಂಗ್ರಹಿಸಿ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಾಯ ಮಾಯಿಸಬೇಕಾದ ಸಂಸ್ಥೆ. ದುಡ್ಡು ವರ್ಷಗಟ್ಟಲೆ ಖಾತೆಯಲ್ಲೇ ಬೆಳೆಯಿತು. ಖರ್ಚಿನ ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಕ್ಕಿರಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲ್ವಿಚಾರಣೆಗೆ ನೇಮಿಸಿದ ಮೇಲೆ ಚಕ್ರ ಉರುಳಿತು. ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ ರೂಪಾಯಿ. ಅದರಲ್ಲಿ ಕುಡಿಯುವ ನೀರು, ಆಸ್ಪತ್ರೆ, ಶಾಲೆಗಳಿವೆ. ರಸ್ತೆ, ರೈಲು ಸಂಪರ್ಕವೂ ಇದೆ. ಅದಿರು ಸಾಗಿಸಲು ಅನುಕೂಲವಾಗುವ ದಾರಿಯನ್ನು ಪರಿಸರ ಪುನಶ್ಚೇತನದ ಲೆಕ್ಕಕ್ಕೆ ಬರೆಯಬಹುದೇ? ಲಾರಿ ಕಡಿಮೆಯಾದರೆ ದೂಳು ಕಡಿಮೆ ಎಂಬ ವಾದವಿದೆ. ಆದರೆ ಅದಿರು ಸಾಗಿಸುವ ಲಾಭ ಯಾರಿಗೋ, ಅವರೇ ಅದರ ದಾರಿಯ ಖರ್ಚನ್ನೂ ಹೊರುವುದು ನ್ಯಾಯ. ಪುನಶ್ಚೇತನದ ಹಣ ಮೊದಲು ಹಳ್ಳ, ಕೆರೆ, ಹೊಲಕ್ಕೆ ಹೋಗಬೇಕು.

ಸಂಸ್ಥೆಗಳೇ ಒಂದಕ್ಕೊಂದು ಎದುರು ನಿಲ್ಲುವುದೂ ಉಂಟು. ಕುದುರೆಮುಖದಿಂದ ಹೊರಬಿದ್ದ ಅದೇ ಕಬ್ಬಿಣದ ಅದಿರು ಕಂಪನಿಗೆ, ಅಂದರೆ ಕೆಐಒಸಿಎಲ್‌ಗೆ, ಸಂಡೂರಿನ ದೇವದಾರಿಯಲ್ಲಿ ಗುತ್ತಿಗೆ ಸಿಕ್ಕಿತು. 2024ರ ಜೂನ್‌ನಲ್ಲಿ ಕೇಂದ್ರ ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಅದಕ್ಕೆ ಸಂಬಂಧಿಸಿದ ಕಡತಕ್ಕೆ ಸಹಿ ಹಾಕಿದರು. ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅರಣ್ಯಭೂಮಿ ಹಸ್ತಾಂತರಿಸಬೇಡಿ ಎಂದು ಸೂಚಿಸಿದರು. ಇದರಲ್ಲಿ ರಾಜಕೀಯ ಇಲ್ಲವೆಂದಲ್ಲ. ಆದರೆ ಸಂಡೂರಿನ ಕಾಡು ಇನ್ನೆಷ್ಟು ಗಣಿ ತಾಳಬಲ್ಲದು ಎಂಬ ಪ್ರಶ್ನೆಗೆ ಎರಡೂ ಸರ್ಕಾರಗಳು ಒಪ್ಪುವ ಒಂದು ಉತ್ತರ ಮೊದಲೇ ಮೇಜಿನ ಮೇಲಿದ್ದರೆ ಕಡತ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ.

ಕೋಲಾರ ಬಿಟ್ಟು ಹೋದದ್ದು

ಗಣಿಯ ಜೊತೆ ಕೆಲಸ ಮಾಡಬೇಕಾದ ಸಂಸ್ಥೆಗಳು ಗಣಿಯ ಹತ್ತಿರವೇ ಇರಬೇಕೆಂಬ ನಿಯಮವೇನೂ ಇಲ್ಲ. ಆದರೂ ಕೋಲಾರದ ಚಿನ್ನದ ಗಣಿಯ ವಿಷಯದಲ್ಲಿ ಈ ಸಂಗತಿ ನನ್ನನ್ನು ಕಾಡುತ್ತದೆ. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್‌ನಲ್ಲಿ ಕಲ್ಲು ತಾನಾಗಿ ಸಿಡಿಯುತ್ತಿತ್ತು. ಆ ಸ್ಫೋಟಗಳ ಅನುಭವದಿಂದ 1988ರಲ್ಲಿ ಅಲ್ಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿತು. ಅದರ ಕೇಂದ್ರ ಕಚೇರಿ ಈಗ ಬೆಂಗಳೂರಿನಲ್ಲಿದೆ. ಜಲವಿದ್ಯುತ್ ಯೋಜನೆಗಳಿಗೆ, ಸುರಂಗಗಳಿಗೆ ಸಲಹೆ ಕೊಡುತ್ತದೆ. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು, ಅಲ್ಲಿ ಕಲಿತದ್ದು ಹಿಮಾಲಯಕ್ಕೆ ಹೋಯಿತು. ಅದು ಒಳ್ಳೆಯದೇ.

ಕಾರ್ಮಿಕರ ಆರೋಗ್ಯದ ಕಥೆ ಹಾಗಿಲ್ಲ. 1940ರ ದಶಕದಲ್ಲಿ ಕೋಲಾರದ ಗಣಿಗಳಲ್ಲಿ ನಡೆದ ಸಮೀಕ್ಷೆ 7,653 ಕಾರ್ಮಿಕರನ್ನು ಪರೀಕ್ಷಿಸಿ ಅವರಲ್ಲಿ ಶೇ 43.7 ಮಂದಿಗೆ ಸಿಲಿಕೋಸಿಸ್, ಅಂದರೆ ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ರೋಗ, ಇರುವುದನ್ನು ಕಂಡಿತು. ದೇಶದ ವೈದ್ಯ ವಿದ್ಯಾರ್ಥಿಗಳು ಈಗಲೂ ಪಠ್ಯದಲ್ಲಿ ಓದುವ ಅಂಕಿ ಇದು. ಗಣಿ ಕಾರ್ಮಿಕರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿದ್ದೂ ಕೆಜಿಎಫ್‌ನ ಮಾರಿಕುಪ್ಪಂನಲ್ಲಿಯೇ. ಅದು ಮೊದಲು ನಾಗಪುರಕ್ಕೆ ಹೋಯಿತು; ಆಮೇಲೆ 2019ರ ಸಂಪುಟ ತೀರ್ಮಾನದಂತೆ ವಿಸರ್ಜನೆಯಾಗಿ ಅಹಮದಾಬಾದಿನ ವೃತ್ತಿ ಆರೋಗ್ಯ ಸಂಸ್ಥೆಯಲ್ಲಿ ಲೀನವಾಯಿತು. ಶ್ವಾಸಕೋಶದಲ್ಲಿ ಕಲ್ಲುಪುಡಿ ತುಂಬಿಕೊಂಡು ಮಾರಿಕುಪ್ಪಂನಲ್ಲೇ ಉಳಿದ ಕಾರ್ಮಿಕನಿಗೆ ಆ ಸಂಸ್ಥೆ ಸಿಕ್ಕಲಿಲ್ಲ. ಸುಮಾರು 3.3 ಕೋಟಿ ಟನ್‌ನ 13 ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ಬಿಡಿಸಿದ ಮೇಲೆ ಸುರಿದ ಕಲ್ಲುಪುಡಿಯ ರಾಶಿಗಳು, ಮಾತ್ರ ಅವನ ಮನೆಯ ಹಿಂದೆಯೇ ಇವೆ. ಅವುಗಳಲ್ಲಿ ಉಳಿದ ಚಿನ್ನ ತೆಗೆಯುವ ಯೋಜನೆಗೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ.

ಕಲಿಸುವ ಸಂಸ್ಥೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ಇದೆ, ಕೆಜಿಎಫ್‌ನಲ್ಲೂ ಇದೆ. ಸಂಡೂರಿನ ಪಕ್ಕದ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯನ್ನೇ ಕಲಿಸುತ್ತಾರೆ. ಕಡಿಮೆ ದರ್ಜೆಯ ಅದಿರನ್ನು ಹಸನು ಮಾಡುವುದು ಮುಂದಿನ ದಶಕದ ಕೆಲಸವಾಗಿರುವಾಗ ಅಲ್ಲಿಯ ಪ್ರಯೋಗಾಲಯಕ್ಕೆ ಬಳ್ಳಾರಿಯ ಖನಿಜ ನಿಧಿಯಿಂದ ಎಷ್ಟು ಸಂದಿದೆ ಎಂದು ಕೇಳಿ ನೋಡಬೇಕಾದ್ದು ಅಲ್ಲಿಯ ಶಾಸಕರು.

ಇಷ್ಟೆಲ್ಲ ಆದ ಮೇಲೆ ಗಮನ ಇಡಬೇಕಾದ ದಿನಾಂಕ 2030ರ ಮಾರ್ಚ್ 31. ಹೊರಗೆ ಮಾರುವ ಗಣಿಗಳ ಹಳೆಯ ಗುತ್ತಿಗೆಗಳು 2020ರಲ್ಲೇ ಮುಗಿದವು. ಸ್ವಂತ ಕಾರ್ಖಾನೆಗೆಂದು ಪಡೆದ ಹಳೆಯ ಗುತ್ತಿಗೆಗಳಲ್ಲಿ, ಐವತ್ತು ವರ್ಷ ತುಂಬಲು ಇನ್ನೂ ಕಾಲವಿರುವವನ್ನು ಬಿಟ್ಟು, ಉಳಿದವು ಆ ದಿನ ಕೊನೆಯಾಗುತ್ತವೆ. ಅವು ಹರಾಜಿಗೆ ಬಂದಾಗ ಊರಿನ ಪಾಲು ಟನ್‌ಗೆ 135ರಿಂದ 45ಕ್ಕೆ ಇಳಿಯುವುದನ್ನು ತಡೆಯಲು ಕೇಂದ್ರದ ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಪ್ರೀಮಿಯಂ ಬಂದು ಬೀಳುವುದು ರಾಜ್ಯದ ಬೊಕ್ಕಸಕ್ಕೆ. ಅದರ ಒಂದು ಪಾಲನ್ನು ಗಣಿ ಜಿಲ್ಲೆಗಳಿಗೂ, ಇನ್ನೊಂದು ಪಾಲನ್ನು ಹಟ್ಟಿ ಕಂಪನಿಯ ಮೂಲಕ ರಾಜ್ಯದ್ದೇ ಶೋಧಕ್ಕೂ ಎತ್ತಿಡುವ ತೀರ್ಮಾನ ವಿಧಾನಸೌಧದಲ್ಲೇ ಆಗಬಹುದಾದದ್ದು. ಪ್ರತಿ ವರ್ಷದ ಬಜೆಟ್‌ನಲ್ಲಿ ಅಂಥ ಸಾಲೊಂದು ಇದೆಯೇ ಎಂದು ಹುಡುಕುವ ಕೆಲಸಕ್ಕೆ ಡ್ರಿಲ್ಲಿಂಗ್ ಯಂತ್ರ ಬೇಡ.